ಮೊಣಕಾಲಿನ ತೀವ್ರ ಅಸ್ಥಿಸಂಧಿವಾತದ ತೊಡಕುಗಳು

ಮೊಣಕಾಲಿನ ತೀವ್ರ ಅಸ್ಥಿಸಂಧಿವಾತದ ತೊಡಕುಗಳು ಎಂದರೆ ಮೊಣಕಾಲಿನ ಕೀಲು ಹಲವು ವರ್ಷಗಳ ಕಾಲ ಸವೆದು ಕೊನೆಯ ಹಂತಕ್ಕೆ ತಲುಪಿದಾಗ ಆ ಕೀಲಿನಲ್ಲಿಯೂ ಅದರಾಚೆಗೆ ಇಡೀ ದೇಹದಲ್ಲಿಯೂ ಉಂಟಾಗುವ ಹಾನಿಗಳು. ಕಾಲು ಡೊಂಕಾಗುವುದು, ಮೊಣಕಾಲು ಪೂರ್ಣ ನೀಳವಾಗದೆ ಉಳಿಯುವುದು, ತೊಡೆಯ ಸ್ನಾಯುಗಳು ಕರಗುವುದು, ನಡೆಯುವಾಗ ಬೀಳುವುದು, ಮಂಡಿಯ ಹಿಂಭಾಗದಲ್ಲಿ ನೀರಿನ ಚೀಲ ಬೆಳೆಯುವುದು, ನೋವುನಿವಾರಕ ಮಾತ್ರೆಗಳಿಂದ ಜಠರ ಮತ್ತು ಮೂತ್ರಪಿಂಡಗಳು ಕೆಡುವುದು ಇವುಗಳಲ್ಲಿ ಮುಖ್ಯವಾದವು. ಈ ರೋಗ ನೇರವಾಗಿ ಪ್ರಾಣ ತೆಗೆಯುವುದಿಲ್ಲ. ಆದರೆ ಅದರ ಬೆನ್ನಿಗೆ ಬರುವ ತೊಡಕುಗಳಲ್ಲಿ ಕೆಲವು ಪ್ರಾಣಾಪಾಯವನ್ನೇ ತರಬಲ್ಲವು. ಅವುಗಳಲ್ಲಿ ಬಹುಪಾಲು ತಡೆಯಬಹುದಾದವು ಎಂಬುದು ಗಮನಾರ್ಹ.

ಉತ್ತರ ಕನ್ನಡ ಜಿಲ್ಲೆಯ ಕಾರವಾರ ಮತ್ತು ಅಂಕೋಲಾ ತಾಲೂಕುಗಳಂತಹ ಕರಾವಳಿ ಪ್ರದೇಶದಲ್ಲಿ ಈ ತೊಡಕುಗಳಿಗೆ ದುಡಿಮೆಯ ರೀತಿ, ಮನೆಗಳ ರಚನೆ, ಮಳೆಗಾಲ ಮತ್ತು ದೊಡ್ಡ ಆಸ್ಪತ್ರೆಗಳ ದೂರ ಇವೆಲ್ಲವೂ ಕಾರಣವಾಗಿ ಕೂಡಿಕೊಳ್ಳುತ್ತವೆ. ಆದುದರಿಂದ ಈ ಲೇಖನದಲ್ಲಿ ರೋಗದ ಸಾಮಾನ್ಯ ವಿವರಗಳೊಂದಿಗೆ ಆ ಪ್ರದೇಶದ ಸನ್ನಿವೇಶವನ್ನೂ ವಿವರಿಸಲಾಗಿದೆ.

ಹೆಸರು ಮತ್ತು ರೋಗದ ಸ್ವರೂಪ

ವೈದ್ಯರು ಆಸ್ಟಿಯೋಆರ್ಥ್ರೈಟಿಸ್ ಎಂದು ಕರೆಯುವ ಈ ರೋಗಕ್ಕೆ ಕನ್ನಡದಲ್ಲಿ ಅಸ್ಥಿಸಂಧಿವಾತ, ಕೀಲುಸವೆತ, ಮಂಡಿಸವೆತ ಎಂಬ ಹೆಸರುಗಳು ಬಳಕೆಯಲ್ಲಿವೆ. ಆಯುರ್ವೇದದಲ್ಲಿ ಇದಕ್ಕೆ ಹತ್ತಿರವಾದುದು ಸಂಧಿಗತವಾತ. ಜನಸಾಮಾನ್ಯರು ಮಂಡಿನೋವು, ಗಂಟುನೋವು ಎಂದಷ್ಟೇ ಹೇಳುತ್ತಾರೆ. ‘ವಯಸ್ಸಾಯಿತು, ಇನ್ನೇನು’ ಎಂಬ ಮಾತು ಈ ಹೆಸರುಗಳ ಜೊತೆಗೇ ಬರುತ್ತದೆ. ಚಿಕಿತ್ಸೆ ವರ್ಷಗಟ್ಟಲೆ ಮುಂದೂಡಲ್ಪಡುವುದಕ್ಕೆ ಈ ಮಾತೂ ಒಂದು ಕಾರಣ.

ಮೊಣಕಾಲಿನಲ್ಲಿ ತೊಡೆಯೆಲುಬು, ಕಣಕಾಲೆಲುಬು ಮತ್ತು ಮಂಡಿಚಿಪ್ಪು ಕೂಡುತ್ತವೆ. ಇವುಗಳ ತುದಿಗಳನ್ನು ನುಣುಪಾದ ಮೃದ್ವಸ್ಥಿ ಹೊದಿಸಿರುತ್ತದೆ. ತೊಡೆಯೆಲುಬು ಮತ್ತು ಕಣಕಾಲೆಲುಬುಗಳ ನಡುವೆ ಅರ್ಧಚಂದ್ರಾಕಾರದ ಎರಡು ಮೆತ್ತೆಗಳಿರುತ್ತವೆ. ಕೀಲುಪೊರೆಯು ಸ್ರವಿಸುವ ಅಂಟುದ್ರವ ಇವನ್ನೆಲ್ಲ ತೇವವಾಗಿಡುತ್ತದೆ. ರೋಗದಲ್ಲಿ ಮೃದ್ವಸ್ಥಿ ತೆಳುವಾಗಿ ಸೀಳುತ್ತದೆ, ಕೆಳಗಿನ ಮೂಳೆ ಗಡುಸಾಗುತ್ತದೆ, ಅಂಚಿನಲ್ಲಿ ಮೂಳೆಯ ಮುಳ್ಳುಗಳು ಬೆಳೆಯುತ್ತವೆ, ಕೀಲುಪೊರೆ ಆಗಾಗ ಉರಿಯೂತಕ್ಕೆ ಒಳಗಾಗಿ ನೀರು ತುಂಬುತ್ತದೆ. ಇದನ್ನು ಕೇವಲ ಗಾಡಿಯ ಚಕ್ರ ಸವೆದಂತೆ ಎಂದು ಭಾವಿಸುವುದು ಸರಿಯಲ್ಲ. ಕೀಲಿನ ಎಲ್ಲ ಅಂಗಾಂಶಗಳೂ ಪಾಲುಗೊಳ್ಳುವ ಜೈವಿಕ ಕ್ರಿಯೆ ಇದು.

ಎಕ್ಸ್‌ರೇ ಚಿತ್ರವನ್ನು ನೋಡಿ ರೋಗದ ಹಂತವನ್ನು ಅಳೆಯಲು 1957ರಲ್ಲಿ ಕೆಲ್‌ಗ್ರೆನ್ ಮತ್ತು ಲಾರೆನ್ಸ್ ಎಂಬವರು ರೂಪಿಸಿದ ಕ್ರಮ ಇಂದಿಗೂ ಬಳಕೆಯಲ್ಲಿದೆ. ಸೊನ್ನೆಯಿಂದ 4ರವರೆಗಿನ ಈ ಕ್ರಮದಲ್ಲಿ 4ನೆಯ ಹಂತವೇ ತೀವ್ರ ಹಂತ. ಅಲ್ಲಿ ಎರಡು ಮೂಳೆಗಳ ನಡುವಣ ಸಂದು ಬಹುತೇಕ ಮುಚ್ಚಿಹೋಗಿ ಮೂಳೆಗೆ ಮೂಳೆ ತಾಗುತ್ತದೆ. ಆದರೆ ಚಿತ್ರಕ್ಕೂ ನೋವಿಗೂ ಎಲ್ಲ ಸಂದರ್ಭಗಳಲ್ಲಿ ತಾಳೆಯಿರುವುದಿಲ್ಲ. ಚಿತ್ರ ಭಯಂಕರವಾಗಿದ್ದರೂ ತೋಟಕ್ಕೆ ಹೋಗಿಬರುವವರಿದ್ದಾರೆ, ಅಲ್ಪ ಸವೆತದಲ್ಲೇ ಹಾಸಿಗೆ ಹಿಡಿದವರೂ ಇದ್ದಾರೆ.

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ 2019ರಲ್ಲಿ ಜಗತ್ತಿನ ಸುಮಾರು 52.8 ಕೋಟಿ ಜನರಿಗೆ ಅಸ್ಥಿಸಂಧಿವಾತವಿತ್ತು. ಅವರಲ್ಲಿ 36.5 ಕೋಟಿ ಜನರಿಗೆ ಅದು ಮೊಣಕಾಲಿನಲ್ಲಿತ್ತು. ರೋಗಿಗಳಲ್ಲಿ ಶೇಕಡಾ 60ರಷ್ಟು ಮಹಿಳೆಯರು. ಭಾರತದ ಐದು ಕೇಂದ್ರಗಳಲ್ಲಿ ನಡೆದು 2016ರಲ್ಲಿ ಪ್ರಕಟವಾದ ಸಮೀಕ್ಷೆಯೊಂದು ಮೊಣಕಾಲಿನ ಅಸ್ಥಿಸಂಧಿವಾತದ ಪ್ರಮಾಣವನ್ನು ಶೇಕಡಾ 28.7 ಎಂದು ಕಂಡುಕೊಂಡಿತು.

ಕಾರವಾರ–ಅಂಕೋಲಾ ಸೀಮೆಯ ಹಿನ್ನೆಲೆ

ಕಾಳಿ ಮತ್ತು ಗಂಗಾವಳಿ ನದಿಗಳು ಸಮುದ್ರ ಸೇರುವ ಈ ಸೀಮೆಯಲ್ಲಿ ಮಹಿಳೆಯರ ದುಡಿಮೆಯ ಹೆಚ್ಚಿನ ಭಾಗ ಮೊಣಕಾಲಿನ ಮೇಲೆ ನಿಂತಿದೆ. ಹರಿಕಂತ್ರ, ಖಾರ್ವಿ, ಗಾಬಿತ, ಅಂಬಿಗ ಮೊದಲಾದ ಸಮುದಾಯಗಳ ಮಹಿಳೆಯರು ಮೀನಿನ ಬುಟ್ಟಿಯನ್ನು ತಲೆಯ ಮೇಲೆ ಹೊತ್ತು ಊರೂರು ತಿರುಗುತ್ತಾರೆ. ಪೇಟೆಯಲ್ಲಿ ದಿನವಿಡೀ ಕುಕ್ಕರಗಾಲಿನಲ್ಲಿ ಕುಳಿತು ಮಾರುತ್ತಾರೆ. ಹಾಲಕ್ಕಿ ಒಕ್ಕಲಿಗ ಮಹಿಳೆಯರು ತರಕಾರಿ, ಸೌದೆ, ಸೊಪ್ಪಿನ ಹೊರೆಗಳನ್ನು ಹೊರುತ್ತಾರೆ. ಮಳೆಗಾಲದಲ್ಲಿ ಕೆಸರಿನಲ್ಲಿ ಬಗ್ಗಿ ಸಸಿ ನೆಡುವುದು, ಇಳಿತದ ಹೊತ್ತಿನಲ್ಲಿ ನದೀಮುಖದ ಉಸುಕಿನಲ್ಲಿ ಕುಳಿತು ಚಿಪ್ಪು ಆಯುವುದು, ಮನೆಯಲ್ಲಿ ಮೆಟ್ಟುಗತ್ತಿಯ ಮೇಲೆ ಕಾಲು ಮಡಿಸಿ ಕೂರುವುದು, ನೆಲದ ಮಟ್ಟದ ಶೌಚಾಲಯ ಇವೆಲ್ಲವೂ ದಿನಚರಿಯ ಅಂಗಗಳು.

ಕುಕ್ಕರಗಾಲಿನಲ್ಲಿ ಕೂರುವುದೇ ರೋಗಕ್ಕೆ ಕಾರಣವೇ ಎಂಬುದು ಹಳೆಯ ಚರ್ಚೆ. ಚೀನಾದ ಬೀಜಿಂಗ್ ನಗರದ ವೃದ್ಧರ ಅಧ್ಯಯನವೊಂದು, ಯೌವನದಲ್ಲಿ ದಿನಕ್ಕೆ ಗಂಟೆಗಟ್ಟಲೆ ಹಾಗೆ ಕೂರುತ್ತಿದ್ದವರಲ್ಲಿ ಮೊಣಕಾಲಿನ ಸವೆತ ಹೆಚ್ಚು ಎಂದು ತೋರಿಸಿತು. ಭಾರ ಹೊರುವುದು, ಹಳೆಯ ಪೆಟ್ಟು, ಬೊಜ್ಜು, ವಂಶಪಾರಂಪರ್ಯ, ಮುಟ್ಟು ನಿಂತ ನಂತರದ ವಯಸ್ಸು ಇವು ಒಪ್ಪಿತವಾದ ಇತರ ಕಾರಣಗಳು. ಮಿತವಾಗಿ ಚಕ್ಕಳಮಕ್ಕಳ ಹಾಕಿ ಕೂರುವವರೆಲ್ಲರಿಗೂ ಈ ರೋಗ ಬರುವುದಿಲ್ಲ. ಆದರೆ ಒಮ್ಮೆ ಸವೆದ ಕೀಲಿಗೆ ಆ ಭಂಗಿಗಳು ಖಂಡಿತವಾಗಿಯೂ ಹೊರೆ.

ಮನೆಗಳ ರಚನೆಯನ್ನೂ ಇಲ್ಲಿ ಹೇಳಬೇಕು. ಚಿರೇಕಲ್ಲಿನ ಎತ್ತರದ ಜಗುಲಿ, ಹಿಡಿಕಟ್ಟಿಲ್ಲದ ಮೆಟ್ಟಿಲು, ಅಂಗಳದ ಆಚೆಗಿರುವ ಬಚ್ಚಲು ಈ ಭಾಗದ ಹಳೆಯ ಮನೆಗಳಲ್ಲಿ ಸಾಮಾನ್ಯ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅವೆಲ್ಲ ಪಾಚಿಗಟ್ಟುತ್ತವೆ.

ಕೀಲಿನೊಳಗಿನ ತೊಡಕುಗಳು

ಕಾಲಿನ ಡೊಂಕು: ಮೊಣಕಾಲಿನ ಒಳಭಾಗವು ಹೊರಭಾಗಕ್ಕಿಂತ ಹೆಚ್ಚು ಭಾರ ಹೊರುವುದರಿಂದ ಸಾಮಾನ್ಯವಾಗಿ ಅಲ್ಲಿಯೇ ಮೊದಲು ಸವೆಯುತ್ತದೆ. ಆಗ ಕಾಲು ಹೊರಕ್ಕೆ ಬಾಗಿ ಬಿಲ್ಲಿನಂತಾಗುತ್ತದೆ. ಬಾಗಿದಷ್ಟೂ ಒಳಭಾಗದ ಮೇಲಿನ ಭಾರ ಹೆಚ್ಚುತ್ತದೆ, ಭಾರ ಹೆಚ್ಚಿದಷ್ಟೂ ಬಾಗು ಹೆಚ್ಚುತ್ತದೆ. ಹೊರಭಾಗ ಸವೆದವರಲ್ಲಿ ಇದಕ್ಕೆ ವಿರುದ್ಧವಾಗಿ ಮಂಡಿಗಳು ಒಂದಕ್ಕೊಂದು ತಾಗುತ್ತವೆ. ಡೊಂಕು ಹೆಚ್ಚಾದಾಗ ಒಂದು ಬದಿಯ ಬಂಧಕಗಳು ಸಡಿಲವಾಗಿ, ಹೆಜ್ಜೆಯಿಟ್ಟಾಗ ಮಂಡಿ ಪಕ್ಕಕ್ಕೆ ಜಾರುತ್ತದೆ. ತೀರ ಬಾಗಿದ ಕಾಲುಗಳಲ್ಲಿ ಪೆಟ್ಟೇನೂ ಬೀಳದೆಯೇ ಕಣಕಾಲೆಲುಬಿನ ಮೇಲ್ಭಾಗದಲ್ಲಿ ಸಣ್ಣ ಬಿರುಕು ಮೂಡಬಹುದು. ಹಳೆಯ ನೋವು ಒಮ್ಮೆಗೇ ಕಾಲೂರಲಾಗದಷ್ಟು ಹೆಚ್ಚಿದರೆ ಹೀಗಾಗಿದೆಯೇ ಎಂದು ಪರೀಕ್ಷಿಸಬೇಕಾಗುತ್ತದೆ.

ನೀಳವಾಗದ ಮಂಡಿ: ನೋವಿರುವ ಮೊಣಕಾಲನ್ನು ಸ್ವಲ್ಪ ಮಡಿಸಿಟ್ಟರೆ ಹಿತವೆನಿಸುತ್ತದೆ. ಆದುದರಿಂದ ರೋಗಿಗಳು ರಾತ್ರಿ ಮಂಡಿಯ ಕೆಳಗೆ ದಿಂಬಿಟ್ಟು ಮಲಗುತ್ತಾರೆ. ಮನೆಯವರು ಪ್ರೀತಿಯಿಂದ ಮಾಡುವ ಈ ಉಪಚಾರವೇ ಒಂದು ತೊಡಕಿಗೆ ದಾರಿಯಾಗುತ್ತದೆ. ತಿಂಗಳುಗಳು ಕಳೆದಂತೆ ಕೀಲಿನ ಹಿಂಬದಿಯ ಪೊರೆ ಮತ್ತು ಸ್ನಾಯುರಜ್ಜುಗಳು ಕುಗ್ಗಿ, ಮಂಡಿ ಮಡಿಸಿದ ಸ್ಥಿತಿಯಲ್ಲೇ ಬಿಗಿಯುತ್ತದೆ. ಅಂತಹ ಕಾಲಿನಲ್ಲಿ ನಡೆಯಲು ತೊಡೆಯ ಸ್ನಾಯು ಎಡೆಬಿಡದೆ ದುಡಿಯಬೇಕು. ಆ ಕಾಲು ಗಿಡ್ಡವಾದಂತಾಗಿ ಸೊಂಟ, ಬೆನ್ನು, ಇನ್ನೊಂದು ಕಾಲು ಎಲ್ಲವೂ ನೋಯತೊಡಗುತ್ತವೆ. ದಿಂಬನ್ನು ಮಂಡಿಯ ಅಡಿಗೆ ಇಡದೆ, ದಿನಕ್ಕೆ ಕೆಲವು ಬಾರಿ ಹಿಮ್ಮಡಿಯ ಅಡಿಗೆ ಸುರುಳಿ ಸುತ್ತಿದ ಟವೆಲ್ ಇಟ್ಟು ಮಂಡಿಯನ್ನು ಕೆಳಕ್ಕೆ ಒತ್ತುವುದು ಇದಕ್ಕೆ ಸರಳವಾದ ತಡೆ.

ಸ್ನಾಯುಕ್ಷಯ: ತೊಡೆಯ ಮುಂಭಾಗದ ಸ್ನಾಯುವು ಮೊಣಕಾಲಿನ ಆಘಾತವನ್ನು ತಡೆದುಕೊಳ್ಳುವ ಮುಖ್ಯ ಅಂಗ. ನೋವಿಗೆ ಹೆದರಿ ನಡಿಗೆ ಬಿಟ್ಟವರಲ್ಲಿ ಅದು ಬಹುಬೇಗ ಕರಗುತ್ತದೆ. ಕುರ್ಚಿಯಿಂದ ಏಳುವಾಗ ಕೈ ಊರಬೇಕಾಗುವುದು ಇದರ ಮೊದಲ ಸೂಚನೆ.

ನೀರಿನ ಚೀಲ: ಕೀಲಿನಲ್ಲಿ ಹೆಚ್ಚಾದ ದ್ರವವು ಹಿಂಬದಿಗೆ ನುಗ್ಗಿ ಮಂಡಿಯ ಹಿಂಭಾಗದಲ್ಲಿ ಗುಳ್ಳೆಯಂತೆ ನಿಲ್ಲುವುದುಂಟು. 1877ರಲ್ಲಿ ಇದನ್ನು ವಿವರಿಸಿದ ಇಂಗ್ಲಿಷ್ ಶಸ್ತ್ರವೈದ್ಯನ ಹೆಸರಿನಿಂದ ಇದಕ್ಕೆ ಬೇಕರನ ಚೀಲ ಎಂಬ ಹೆಸರಿದೆ. ಸಾಮಾನ್ಯವಾಗಿ ನಿರಪಾಯಕರ. ಆದರೆ ಅದು ಒಡೆದರೆ ದ್ರವವು ಮೀನಖಂಡಕ್ಕೆ ಇಳಿದು ಕಾಲು ಬಾತು, ಕೆಂಪಾಗಿ, ಸಿಡಿಯುತ್ತದೆ. ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದಾಗ ಕಾಣುವ ಲಕ್ಷಣಗಳೂ ಬಹುತೇಕ ಇವೇ ಆಗಿವೆ. ಎರಡರ ಚಿಕಿತ್ಸೆ ಬೇರೆ ಬೇರೆ. ಹೆಪ್ಪು ಶ್ವಾಸಕೋಶಕ್ಕೆ ಹೋದರೆ ಮರಣ ಸಂಭವಿಸಬಹುದು. ಕಣ್ಣಂದಾಜಿನಿಂದ ಇವನ್ನು ಬೇರ್ಪಡಿಸಲಾಗದು, ಡಾಪ್ಲರ್ ಸ್ಕ್ಯಾನ್ ಅವಶ್ಯಕ. ಇಂತಹ ಕಾಲನ್ನು ಎಣ್ಣೆ ಹಚ್ಚಿ ತಿಕ್ಕುವುದು ಅಪಾಯಕರ.

ಸಿಕ್ಕಿಕೊಳ್ಳುವಿಕೆ ಮತ್ತು ಹರಳುಗಳು: ಮೃದ್ವಸ್ಥಿಯ ಅಥವಾ ಮೂಳೆಮುಳ್ಳಿನ ಚೂರು ಕೀಲಿನೊಳಗೆ ತೇಲುತ್ತಿದ್ದು ಎರಡು ಮೂಳೆಗಳ ನಡುವೆ ಸಿಕ್ಕಿಕೊಂಡಾಗ ಮಂಡಿ ಬೀಗ ಹಾಕಿದಂತೆ ನಿಂತುಬಿಡುತ್ತದೆ. ವೃದ್ಧರ ಸವೆದ ಕೀಲುಗಳಲ್ಲಿ ಕ್ಯಾಲ್ಸಿಯಂ ಪೈರೋಫಾಸ್ಫೇಟ್ ಹರಳುಗಳು ಶೇಖರವಾಗಿ, ಒಂದೇ ರಾತ್ರಿಯಲ್ಲಿ ಮಂಡಿ ಊದಿ ಬಿಸಿಯಾಗುವುದೂ ಉಂಟು.

ಕೀಲಿನ ಸೋಂಕು: ಸವೆದ ಕೀಲಿಗೆ ಸೋಂಕು ತಗಲುವ ಸಾಧ್ಯತೆ ಆರೋಗ್ಯವಂತ ಕೀಲಿಗಿಂತ ಹೆಚ್ಚು. ಸಕ್ಕರೆ ಕಾಯಿಲೆಯವರಲ್ಲಿ ಮತ್ತಷ್ಟು ಹೆಚ್ಚು. ಕೀಲಿಗೆ ಚುಚ್ಚುಮದ್ದು ಹಾಕಿಸಿಕೊಂಡ ನಂತರವೂ ಅಪರೂಪಕ್ಕೆ ಹೀಗಾಗುತ್ತದೆ. ಕರಾವಳಿ ಕರ್ನಾಟಕದಲ್ಲಿ ಇದಕ್ಕೊಂದು ವಿಶೇಷ ಮುಖವಿದೆ. ಮಣ್ಣು ಮತ್ತು ನೀರಿನಲ್ಲಿ ವಾಸಿಸುವ ಬ್ಯಾಕ್ಟೀರಿಯಾದಿಂದ ಬರುವ ಮೆಲಿಯಾಯ್ಡೋಸಿಸ್ ಎಂಬ ರೋಗವು ಮಳೆಗಾಲದಲ್ಲಿ, ಅದರಲ್ಲಿಯೂ ಗದ್ದೆಯಲ್ಲಿ ದುಡಿಯುವ ಸಕ್ಕರೆ ಕಾಯಿಲೆಯವರಲ್ಲಿ ಕಾಣಿಸಿಕೊಳ್ಳುತ್ತದೆ ಎಂಬುದನ್ನು ಮಣಿಪಾಲದ ವೈದ್ಯರು ಹಲವು ವರದಿಗಳಲ್ಲಿ ದಾಖಲಿಸಿದ್ದಾರೆ. ಅದು ಶ್ವಾಸಕೋಶದಂತೆ ಕೀಲುಗಳನ್ನೂ ಹಿಡಿಯಬಲ್ಲದು. ಸಾಮಾನ್ಯ ಆಂಟಿಬಯೋಟಿಕ್‌ಗಳಲ್ಲಿ ಅನೇಕವು ಇದಕ್ಕೆ ನಾಟುವುದಿಲ್ಲ, ಕೀಲಿನ ದ್ರವವನ್ನು ತೆಗೆದು ಪ್ರಯೋಗಾಲಯದಲ್ಲಿ ಬೆಳೆಸಿ ನೋಡಿದ ಮೇಲೆಯೇ ಔಷಧಿ ನಿರ್ಧಾರವಾಗಬೇಕು. ‘ಹಳೆಯ ಗಂಟುನೋವು ಕೆರಳಿದೆ’ ಎಂದು ಜ್ವರವಿರುವ ಬಿಸಿ ಮಂಡಿಯನ್ನು ಮನೆಯಲ್ಲಿಟ್ಟುಕೊಂಡರೆ ಕೆಲವೇ ದಿನಗಳಲ್ಲಿ ಕೀಲು ನಾಶವಾಗಬಹುದು.

ಕೀಲಿನಾಚೆಯ ತೊಡಕುಗಳು

ಇವುಗಳಲ್ಲಿ ಬೀಳುವಿಕೆಗೇ ಮೊದಲ ಸ್ಥಾನ. ಸಡಿಲವಾದ ಬಂಧಕ, ಕರಗಿದ ಸ್ನಾಯು ಮತ್ತು ಪಾಚಿ ಕಟ್ಟಿದ ಮೆಟ್ಟಿಲು ಒಂದಾದಾಗ ಏನಾಗಬಹುದೆಂಬುದನ್ನು ವಿವರಿಸಬೇಕಾಗಿಲ್ಲ. ಮೂಳೆ ಟೊಳ್ಳಾಗಿರುವ ವೃದ್ಧೆಯರಲ್ಲಿ ಹೀಗೆ ಬಿದ್ದಾಗ ಸೊಂಟದ ಕೀಲಿನ ಬಳಿ ತೊಡೆಯೆಲುಬು ಮುರಿಯುತ್ತದೆ. ಆ ಮುರಿತವಾದ ವೃದ್ಧರಲ್ಲಿ ಐವರಲ್ಲಿ ಒಬ್ಬರಷ್ಟಾದರೂ ಒಂದು ವರ್ಷದೊಳಗೆ ಮರಣ ಹೊಂದುತ್ತಾರೆ ಎಂದು ಬೇರೆ ಬೇರೆ ದೇಶಗಳ ವರದಿಗಳು ಹೇಳುತ್ತವೆ. ಮರಣಪತ್ರದಲ್ಲಿ ಮೊಣಕಾಲಿನ ಹೆಸರು ಇರುವುದಿಲ್ಲ.

ಎರಡನೆಯದು ಚಲನೆ ನಿಂತುದರ ಪರಿಣಾಮ. ನಡಿಗೆ ಕಡಿಮೆಯಾದಂತೆ ತೂಕ ಏರುತ್ತದೆ, ರಕ್ತದ ಸಕ್ಕರೆ ಮತ್ತು ರಕ್ತದೊತ್ತಡ ಹತೋಟಿ ತಪ್ಪುತ್ತವೆ, ಹೃದಯ ದುರ್ಬಲವಾಗುತ್ತದೆ. ಇಂಗ್ಲೆಂಡಿನ ನೈಋತ್ಯ ಭಾಗದಲ್ಲಿ ಮೊಣಕಾಲು ಅಥವಾ ಸೊಂಟದ ಅಸ್ಥಿಸಂಧಿವಾತವಿದ್ದ ಸಾವಿರಕ್ಕೂ ಹೆಚ್ಚು ಜನರನ್ನು ದೀರ್ಘಕಾಲ ಗಮನಿಸಿ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅವರ ಮರಣಪ್ರಮಾಣ ಸಾಮಾನ್ಯ ಜನರಿಗಿಂತ ಹೆಚ್ಚಿತ್ತು. ನಡೆಯಲಾಗದವರಲ್ಲಿ, ಸಕ್ಕರೆ ಕಾಯಿಲೆ ಮತ್ತು ಹೃದ್ರೋಗ ಇದ್ದವರಲ್ಲಿ ಅದು ವಿಶೇಷವಾಗಿ ಹೆಚ್ಚಿತ್ತು. ನೋವಿಗಾಗಿ ನಡಿಗೆಯನ್ನು ಪೂರ್ಣವಾಗಿ ಬಿಡುವುದು ವಿಶ್ರಾಂತಿಯಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಇನ್ನೊಂದು ತೊಡಕನ್ನು ಮಹಿಳೆಯರು ಸಂಕೋಚದಿಂದ ಹೇಳಿಕೊಳ್ಳುವುದೇ ಇಲ್ಲ. ನೆಲಮಟ್ಟದ ಶೌಚಾಲಯದಲ್ಲಿ ಕುಳಿತು ಏಳಲಾಗದು ಎಂಬ ಕಾರಣದಿಂದ ನೀರು ಕುಡಿಯುವುದನ್ನೇ ಕಡಿಮೆ ಮಾಡುವವರಿದ್ದಾರೆ. ಇದರಿಂದ ಮಲಬದ್ಧತೆ ಮತ್ತು ಮೂತ್ರದ ಸೋಂಕು ಬರುತ್ತವೆ. ನೀರು ಕಡಿಮೆಯಾದ ದೇಹಕ್ಕೆ ನೋವಿನ ಮಾತ್ರೆ ಬಿದ್ದಾಗ ಮೂತ್ರಪಿಂಡದ ಹಾನಿ ಇನ್ನೂ ಸುಲಭ. ಎತ್ತರದ ಕಮೋಡ್ ಅಥವಾ ನಡುವೆ ರಂಧ್ರವಿರುವ ಕುರ್ಚಿ ಒಂದರಿಂದ ಈ ಸರಪಳಿಯನ್ನೇ ಕಡಿಯಬಹುದು. ಮನೆಗೆ ತರಬೇಕಾದ ಮೊದಲ ಸಾಧನ ಅದೇ.

ನಿದ್ರಾಭಂಗ, ಖಿನ್ನತೆ, ಮದುವೆ–ಮುಂಜಿ–ಜಾತ್ರೆಗಳಿಗೆ ಹೋಗಲಾಗದ ಒಂಟಿತನ ಇವೂ ತೊಡಕುಗಳೇ. ಮೀನು ಮಾರುವ ಅಥವಾ ಕೂಲಿಯ ಮೇಲೆ ಬದುಕುವ ಕುಟುಂಬಗಳಲ್ಲಿ ಇದರೊಂದಿಗೆ ಆದಾಯವೂ ನಿಲ್ಲುತ್ತದೆ.

ನೋವುನಿವಾರಕಗಳ ತೊಡಕುಗಳು

ತೀವ್ರ ಹಂತದ ರೋಗಿಗಳಲ್ಲಿ ಅತಿ ಗಂಭೀರವಾದ ಹಾನಿ ಅನೇಕ ಸಲ ರೋಗದಿಂದಲ್ಲ, ಮಾತ್ರೆಯಿಂದ ಆಗುತ್ತದೆ. ಡೈಕ್ಲೋಫೆನಾಕ್, ಅಸಿಕ್ಲೋಫೆನಾಕ್, ಐಬುಪ್ರೊಫೇನ್ ಮೊದಲಾದ ಉರಿಯೂತ ನಿವಾರಕಗಳು ಜಠರದ ಒಳಪೊರೆಯನ್ನು ರಕ್ಷಿಸುವ ಮತ್ತು ಮೂತ್ರಪಿಂಡಕ್ಕೆ ರಕ್ತ ಹರಿಯಲು ನೆರವಾಗುವ ಪ್ರೊಸ್ಟಗ್ಲಾಂಡಿನ್ ಎಂಬ ದ್ರವ್ಯಗಳ ಉತ್ಪತ್ತಿಯನ್ನು ತಡೆಯುತ್ತವೆ. ನೋವು ತಗ್ಗುವುದೂ ಹಾನಿಯಾಗುವುದೂ ಒಂದೇ ಕ್ರಿಯೆಯ ಎರಡು ಫಲಗಳು. ಔಷಧಿ ಅಂಗಡಿಯಲ್ಲಿ ಹಳೆಯ ಚೀಟಿ ತೋರಿಸಿ ತಿಂಗಳುಗಟ್ಟಲೆ ನುಂಗುವವರಲ್ಲಿ ಹೊಟ್ಟೆಹುಣ್ಣು ಸದ್ದಿಲ್ಲದೆ ಬೆಳೆದು ಒಂದು ದಿನ ರಕ್ತಸ್ರಾವವಾಗುತ್ತದೆ. ಡಾಂಬರಿನಂತೆ ಕಪ್ಪಾದ ಮಲ ಅದರ ಗುರುತು.

ರಕ್ತದೊತ್ತಡಕ್ಕೆ ಕೊಡುವ ಕೆಲವು ಮಾತ್ರೆಗಳು, ಮೂತ್ರ ಹೆಚ್ಚಿಸುವ ಮಾತ್ರೆ ಮತ್ತು ನೋವಿನ ಮಾತ್ರೆ ಈ ಮೂರನ್ನೂ ಒಟ್ಟಿಗೆ ತೆಗೆದುಕೊಳ್ಳುವವರಲ್ಲಿ ಮೂತ್ರಪಿಂಡ ಹಠಾತ್ತಾಗಿ ವಿಫಲಗೊಳ್ಳಬಹುದು. ಹೃದಯಾಘಾತ ಮತ್ತು ಪಾರ್ಶ್ವವಾಯುವಿನ ಸಂಭವವೂ ಹೆಚ್ಚುತ್ತದೆ. ರೋಫೆಕಾಕ್ಸಿಬ್ ಎಂಬ ಪ್ರಸಿದ್ಧ ಮಾತ್ರೆಯನ್ನು 2004ರಲ್ಲಿ ಈ ಕಾರಣದಿಂದಲೇ ಮಾರುಕಟ್ಟೆಯಿಂದ ಹಿಂತೆಗೆಯಲಾಯಿತು. ವಿಷಯಾಂತರವಾದರೂ ಉಲ್ಲೇಖಿಸಬೇಕಾದ ಸಂಗತಿಯೊಂದಿದೆ. ದನಗಳಿಗೆ ಕೊಟ್ಟ ಡೈಕ್ಲೋಫೆನಾಕ್ ಸತ್ತ ದನಗಳ ಮಾಂಸದ ಮೂಲಕ ರಣಹದ್ದುಗಳ ಹೊಟ್ಟೆ ಸೇರಿ, ಅವುಗಳ ಮೂತ್ರಪಿಂಡ ಕೆಡಿಸಿ, ಭಾರತದಲ್ಲಿ ಆ ಪಕ್ಷಿಗಳನ್ನು ಅಳಿವಿನ ಅಂಚಿಗೆ ತಂದಿತು. 2006ರಲ್ಲಿ ಅದರ ಪಶುವೈದ್ಯಕೀಯ ಬಳಕೆಯನ್ನು ನಿಷೇಧಿಸಲಾಯಿತು. ಮನುಷ್ಯನ ಮೂತ್ರಪಿಂಡ ಹದ್ದಿನದಕ್ಕಿಂತ ಗಟ್ಟಿ ಹೌದು, ಆದರೆ ಅಭೇದ್ಯವಲ್ಲ.

ಹೆಸರಿಲ್ಲದ ಪುಡಿ ಮತ್ತು ಗುಳಿಗೆಗಳದ್ದು ಬೇರೆಯದೇ ಸಮಸ್ಯೆ. ಅಂಕೋಲಾ ತಾಲೂಕಿನಲ್ಲಿ ನಾಟಿವೈದ್ಯದ ದೀರ್ಘ ಪರಂಪರೆಯಿದೆ. ಬೆಳಂಬಾರ ಗ್ರಾಮವು ಪಾರ್ಶ್ವವಾಯುವಿನ ನಾಟಿ ಚಿಕಿತ್ಸೆಗೆ ದೂರದೂರದವರೆಗೆ ಹೆಸರಾಗಿದೆ. ಗುರುತಿರುವ ವೈದ್ಯರು ಕಣ್ಣೆದುರು ಕೊಡುವ ಸೊಪ್ಪು–ಬೇರಿನ ಔಷಧಿಗೂ, ಸಂತೆಯಲ್ಲಿ ಅಥವಾ ಅಂಚೆಯ ಮೂಲಕ ಬರುವ ಹೆಸರಿಲ್ಲದ ಪೊಟ್ಟಣಕ್ಕೂ ಅಂತರವಿದೆ. ಎರಡನೆಯ ಬಗೆಯ ಔಷಧಿಗಳಲ್ಲಿ ಸ್ಟೀರಾಯ್ಡ್ ಬೆರೆಸಿರುವುದು ದೇಶದ ಹಲವೆಡೆ ಪತ್ತೆಯಾಗಿದೆ. ಎರಡೇ ದಿನಗಳಲ್ಲಿ ನೋವು ಮಾಯವಾಗುವುದು, ಮುಖ ಊದಿಕೊಳ್ಳುವುದು, ಸಕ್ಕರೆ ಏರುವುದು ಸಂಶಯಕ್ಕೆ ಕಾರಣಗಳು. ಇಂತಹ ಔಷಧಿಯನ್ನು ಬಹುಕಾಲ ತೆಗೆದುಕೊಂಡವರು ಒಮ್ಮೆಗೇ ನಿಲ್ಲಿಸುವುದೂ ಅಪಾಯ, ವೈದ್ಯರ ಮೇಲ್ವಿಚಾರಣೆ ಬೇಕು.

ತಕ್ಷಣ ಆಸ್ಪತ್ರೆಗೆ ಹೋಗಬೇಕಾದ ಲಕ್ಷಣಗಳು

ಜ್ವರದೊಂದಿಗೆ ಮಂಡಿ ಬಿಸಿಯಾಗಿ ಊದುವುದು, ಒಂದೇ ಕಾಲಿನ ಮೀನಖಂಡ ಬಾತು ನೋಯುವುದು, ಅದರೊಂದಿಗೆ ಉಸಿರಾಟ ಕಷ್ಟವಾಗುವುದು, ಕಪ್ಪು ಮಲ ಅಥವಾ ರಕ್ತವಾಂತಿ, ಮೂತ್ರ ತೀರ ಕಡಿಮೆಯಾಗುವುದು, ಬಿದ್ದ ನಂತರ ಕಾಲೂರಲಾಗದಿರುವುದು. ಇವುಗಳಲ್ಲಿ ಯಾವುದೊಂದೂ ಮರುದಿನದವರೆಗೆ ಕಾಯುವಂತಹುದಲ್ಲ.

ತಡೆಗಟ್ಟುವಿಕೆ ಮತ್ತು ಚಿಕಿತ್ಸೆ

ಸವೆದ ಮೃದ್ವಸ್ಥಿಯನ್ನು ಮತ್ತೆ ಬೆಳೆಸುವ ಔಷಧಿ ಇದುವರೆಗೆ ಇಲ್ಲ. ಆದರೆ ತೊಡಕುಗಳನ್ನು ತಡೆಯುವ ಕ್ರಮಗಳಿವೆ, ಅವುಗಳಲ್ಲಿ ಹೆಚ್ಚಿನವಕ್ಕೆ ಹಣ ಬೇಡ. ಮೊದಲನೆಯದು ವ್ಯಾಯಾಮ. ಕುರ್ಚಿಯ ಮೇಲೆ ಕುಳಿತು ಒಂದೊಂದೇ ಕಾಲನ್ನು ನೇರಮಾಡಿ ಕೆಲವು ಕ್ಷಣ ಹಿಡಿಯುವುದು, ಸಮತಟ್ಟಾದ ನೆಲದಲ್ಲಿ ನಡೆಯುವುದು ಇವೇ ಸಾಕು. ಎರಡನೆಯದು ತೂಕ. ದೇಹದ ತೂಕ ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಗೂ ಮೊಣಕಾಲಿನ ಹೊರೆ ಸುಮಾರು ನಾಲ್ಕು ಕಿಲೋದಷ್ಟು ಇಳಿಯುತ್ತದೆ ಎಂದು 2005ರ ಅಮೆರಿಕದ ಅಧ್ಯಯನವೊಂದು ತೋರಿಸಿತು.

ಊರುಗೋಲನ್ನು ನೋವಿಲ್ಲದ ಬದಿಯ ಕೈಯಲ್ಲಿ ಹಿಡಿಯಬೇಕು. ನೋವಿರುವ ಬದಿಯಲ್ಲೇ ಹಿಡಿಯುವುದು ಎಲ್ಲೆಡೆ ಕಾಣುವ ತಪ್ಪು. ಮೆಟ್ಟಿಲು ಏರುವಾಗ ಒಳ್ಳೆಯ ಕಾಲು ಮುಂದೆ, ಇಳಿಯುವಾಗ ನೋಯುವ ಕಾಲು ಮುಂದೆ. ಮಳೆಗಾಲಕ್ಕೆ ಮೊದಲೇ ಮೆಟ್ಟಿಲಿನ ಪಾಚಿ ಕೆರೆಯುವುದು, ಬಚ್ಚಲಿನ ಗೋಡೆಗೆ ಹಿಡಿಕೆ ಹಾಕಿಸುವುದು, ಅಡುಗೆಯ ಕೆಲಸವನ್ನು ನೆಲದಿಂದ ಕಟ್ಟೆಗೆ ಏರಿಸುವುದು ಇವೆಲ್ಲ ಚಿಕಿತ್ಸೆಯ ಭಾಗವೇ.

ನೋವಿಗೆ ಹಚ್ಚುವ ಮುಲಾಮುಗಳು ಮಾತ್ರೆಗಳಿಗಿಂತ ಸುರಕ್ಷಿತ. ಕೀಲಿಗೆ ಹಾಕುವ ಸ್ಟೀರಾಯ್ಡ್ ಚುಚ್ಚುಮದ್ದು ಕೆಲವು ವಾರಗಳ ಉಪಶಮನ ಕೊಡುತ್ತದೆ. ಆದರೆ ಎರಡು ವರ್ಷ ಪ್ರತಿ ಮೂರು ತಿಂಗಳಿಗೊಮ್ಮೆ ಹಾಕಿಸಿಕೊಂಡವರಲ್ಲಿ ಮೃದ್ವಸ್ಥಿ ಇನ್ನೂ ತೆಳುವಾಯಿತು, ನೋವಿನಲ್ಲಿ ಗಣನೀಯ ಲಾಭವೂ ಆಗಲಿಲ್ಲ ಎಂದು 2017ರಲ್ಲಿ ವರದಿಯಾಯಿತು. ದೂರದರ್ಶಕ ನಳಿಕೆಯಿಂದ ಕೀಲನ್ನು ತೊಳೆಯುವ ಶಸ್ತ್ರಚಿಕಿತ್ಸೆಯು ಬರಿಯ ತೋರಿಕೆಯ ಚಿಕಿತ್ಸೆಗಿಂತ ಮೇಲಲ್ಲ ಎಂಬುದು 2002ರಲ್ಲೇ ಸಿದ್ಧವಾಗಿದೆ. ಗ್ಲೂಕೋಸಮೈನ್ ಮಾತ್ರೆಗಳ ಪರವಾಗಿ ಬಲವಾದ ಆಧಾರಗಳಿಲ್ಲ.

ಕೀಲು ಬದಲಾವಣೆ

ಈ ಯಾವುದರಿಂದಲೂ ನಡಿಗೆ ಉಳಿಯದಿದ್ದಾಗ ಸವೆದ ಮೇಲ್ಮೈಗಳನ್ನು ಕತ್ತರಿಸಿ ಲೋಹ ಮತ್ತು ಪ್ಲಾಸ್ಟಿಕ್ಕಿನ ಕೃತಕ ಕೀಲನ್ನು ಕೂರಿಸಲಾಗುತ್ತದೆ. ಇಂದಿನ ಕೃತಕ ಮೊಣಕಾಲಿನ ಮೂಲರೂಪ 1970ರ ದಶಕದಲ್ಲಿ ನ್ಯೂಯಾರ್ಕಿನಲ್ಲಿ ಸಿದ್ಧವಾಯಿತು. ಅದನ್ನು ರೂಪಿಸಿದ ತಂಡದಲ್ಲಿ ಭಾರತ ಮೂಲದ ಚಿತ್ತರಂಜನ್ ರಾಣಾವತ್ ಇದ್ದರು. ಅಂದಿನ ಪ್ರಧಾನಿ ಅಟಲ್ ಬಿಹಾರಿ ವಾಜಪೇಯಿಯವರ ಎರಡೂ ಮೊಣಕಾಲುಗಳಿಗೆ 2000 ಮತ್ತು 2001ರಲ್ಲಿ ಮುಂಬಯಿಯಲ್ಲಿ ಅವರೇ ಶಸ್ತ್ರಚಿಕಿತ್ಸೆ ಮಾಡಿದರು. ಭಾರತದ ಸಾಮಾನ್ಯ ಮನೆಗಳಲ್ಲಿ ಈ ಚಿಕಿತ್ಸೆಯ ಹೆಸರು ಪರಿಚಿತವಾದದ್ದು ಆ ಸುದ್ದಿಯಿಂದ.

ಕೃತಕ ಮೊಣಕಾಲುಗಳಲ್ಲಿ ಶೇಕಡಾ 82ರಷ್ಟು 25 ವರ್ಷಗಳ ನಂತರವೂ ಉಳಿದಿರುತ್ತವೆ ಎಂದು 2019ರ ವಿಶ್ಲೇಷಣೆಯೊಂದು ಅಂದಾಜು ಮಾಡಿದೆ. ಇದಕ್ಕೂ ತೊಡಕುಗಳಿವೆ. ಸೋಂಕು ನೂರರಲ್ಲಿ ಒಬ್ಬಿಬ್ಬರಿಗೆ ತಗಲುತ್ತದೆ, ರಕ್ತ ಹೆಪ್ಪುಗಟ್ಟಬಹುದು, ಕೀಲು ಬಿಗಿಯಬಹುದು, ಕೆಲವರಲ್ಲಿ ನೋವು ಪೂರ್ಣ ಹೋಗುವುದಿಲ್ಲ. ಮೊದಲಿನಂತೆ ನೆಲದ ಮೇಲೆ ಕೂರದಂತೆ ವೈದ್ಯರು ಸಾಮಾನ್ಯವಾಗಿ ಸೂಚಿಸುತ್ತಾರೆ. ತೀರ ತಡವಾಗಿ, ಅಂದರೆ ಮಂಡಿ ಮಡಿಸಿದಂತೆಯೇ ಬಿಗಿದು ತೊಡೆಯ ಸ್ನಾಯು ಕರಗಿದ ಮೇಲೆ, ಶಸ್ತ್ರಚಿಕಿತ್ಸೆ ಮಾಡಿಸಿದವರಲ್ಲಿ ಫಲ ಕಡಿಮೆ. ‘ತಡೆದುಕೊಳ್ಳುವಷ್ಟು ದಿನ ತಡೆದುಕೊಳ್ಳೋಣ’ ಎಂಬ ನಿರ್ಧಾರದ ನಿಜವಾದ ಬೆಲೆ ಇದು.

ವೆಚ್ಚದ ವಿಷಯದಲ್ಲಿ 2017ರ ಆಗಸ್ಟ್ 16ರಂದು ದೊಡ್ಡ ಬದಲಾವಣೆಯಾಯಿತು. ಅಂದು ರಾಷ್ಟ್ರೀಯ ಔಷಧ ಬೆಲೆ ಪ್ರಾಧಿಕಾರವು ಕೃತಕ ಮೊಣಕಾಲಿಗೆ ಬೆಲೆಮಿತಿ ಹಾಕಿತು. ಹೆಚ್ಚು ಬಳಕೆಯಲ್ಲಿರುವ ಕೋಬಾಲ್ಟ್–ಕ್ರೋಮಿಯಂ ಕೀಲಿನ ಸರಾಸರಿ ಬೆಲೆ ಸುಮಾರು 1.58 ಲಕ್ಷ ರೂಪಾಯಿಗಳಿಂದ, ತೆರಿಗೆ ಬಿಟ್ಟು, 54,720 ರೂಪಾಯಿಗಳಿಗೆ ಇಳಿಯಿತು. 2018ರಲ್ಲಿ ಆರಂಭವಾದ ‘ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ’ ಯೋಜನೆಯು ಬಡತನ ರೇಖೆಗಿಂತ ಕೆಳಗಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗೆ ಚಿಕಿತ್ಸೆ ಒದಗಿಸುತ್ತದೆ. ಉಳಿದವರಿಗೆ ನಿಗದಿತ ವೆಚ್ಚದ ಶೇಕಡಾ 30ರಷ್ಟನ್ನು ವರ್ಷಕ್ಕೆ 1.5 ಲಕ್ಷ ರೂಪಾಯಿಗಳ ಮಿತಿಯಲ್ಲಿ ಭರಿಸುತ್ತದೆ. ಯೋಜಿತ ಶಸ್ತ್ರಚಿಕಿತ್ಸೆಗೆ ಮೊದಲು ಸರ್ಕಾರಿ ಆಸ್ಪತ್ರೆಯಲ್ಲಿ ತೋರಿಸಿ, ಅಲ್ಲಿ ಸೌಲಭ್ಯವಿಲ್ಲದಿದ್ದರೆ ಶಿಫಾರಸು ಪತ್ರ ಪಡೆಯಬೇಕು. ಈ ಕ್ರಮ ತಿಳಿಯದೆ ನೇರವಾಗಿ ಖಾಸಗಿ ಆಸ್ಪತ್ರೆಗೆ ಹೋದವರು ಪೂರ್ಣ ಹಣ ತೆರಬೇಕಾಗಬಹುದು.

ದೂರದ ಸಮಸ್ಯೆ

ಬೆಲೆ ಇಳಿದರೂ ಕಾರವಾರ–ಅಂಕೋಲಾ ಭಾಗದ ರೋಗಿಗೆ ದೂರ ಇಳಿಯಲಿಲ್ಲ. ಕಾರವಾರದಲ್ಲಿ 2016ರಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು, ಅಂದರೆ ಕಾರವಾರ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ, ಆರಂಭವಾಗಿ ಜಿಲ್ಲಾ ಆಸ್ಪತ್ರೆ ಅದರ ಬೋಧನಾ ಆಸ್ಪತ್ರೆಯಾಯಿತು. ಆದರೂ ದೊಡ್ಡ ಚಿಕಿತ್ಸೆಗೆ ಗೋವಾ, ಹುಬ್ಬಳ್ಳಿ, ಮಣಿಪಾಲ, ಮಂಗಳೂರುಗಳಿಗೆ ಹೋಗುವುದು ಇಲ್ಲಿಯ ಕುಟುಂಬಗಳ ವಾಡಿಕೆಯಾಗಿ ಉಳಿದಿದೆ. ಕಾರವಾರದಿಂದ ಪಣಜಿ ಸುಮಾರು 100 ಕಿಲೋಮೀಟರ್, ಹುಬ್ಬಳ್ಳಿ ಸುಮಾರು 165, ಮಂಗಳೂರು ಸುಮಾರು 270. ಹತ್ತಿರದ ಗೋವಾದ ಸರ್ಕಾರಿ ಆಸ್ಪತ್ರೆಗಳಲ್ಲಿ 2018ರ ಜನವರಿಯಿಂದ ಹೊರರಾಜ್ಯದವರಿಗೆ ಶುಲ್ಕ ವಿಧಿಸುವ ಕ್ರಮ ಬಂದಿತು. ಹುಬ್ಬಳ್ಳಿಗೆ ಘಟ್ಟ ಹತ್ತಬೇಕು. ಮಂಡಿ ಮಡಿಸಲಾಗದವರಿಗೆ ಬಸ್ಸಿನ ಎತ್ತರದ ಮೆಟ್ಟಿಲು ಮತ್ತು ನಾಲ್ಕು ಗಂಟೆಯ ಪ್ರಯಾಣವೇ ಒಂದು ಪರೀಕ್ಷೆ.

ಜಿಲ್ಲೆಗೆ ಸುಸಜ್ಜಿತ ಆಸ್ಪತ್ರೆ ಬೇಕೆಂದು 2019ರಲ್ಲಿ ಸಾಮಾಜಿಕ ಜಾಲತಾಣಗಳಲ್ಲಿ ದೊಡ್ಡ ಅಭಿಯಾನ ನಡೆಯಿತು. 2022ರ ಜುಲೈ 20ರಂದು ಹೊನ್ನಾವರದಿಂದ ರೋಗಿಯನ್ನು ಒಯ್ಯುತ್ತಿದ್ದ ಆಂಬುಲೆನ್ಸ್ ಬೈಂದೂರು ಬಳಿಯ ಶಿರೂರು ಟೋಲ್‌ಗೇಟ್‌ನಲ್ಲಿ ಅಪಘಾತಕ್ಕೀಡಾಗಿ ನಾಲ್ವರು ಮೃತಪಟ್ಟಾಗ ಆ ಬೇಡಿಕೆ ಮತ್ತೆ ಬಲವಾಯಿತು. ಅದೇ ಹೆಸರಿನ ಇನ್ನೊಂದು ಊರು, ಅಂಕೋಲಾ ತಾಲೂಕಿನ ಶಿರೂರು, 2024ರ ಜುಲೈ 16ರ ಗುಡ್ಡಕುಸಿತದಿಂದ ಸುದ್ದಿಯಾಯಿತು. ಹಲವು ಜನರ ಪ್ರಾಣ ತೆಗೆದ ಆ ಕುಸಿತದಿಂದ ರಾಷ್ಟ್ರೀಯ ಹೆದ್ದಾರಿ 66 ಅನೇಕ ದಿನ ಮುಚ್ಚಿತ್ತು. ದಕ್ಷಿಣದ ಆಸ್ಪತ್ರೆಗಳಿಗೆ ಹೋಗುವ ಮುಖ್ಯ ರಸ್ತೆ ಅದೇ.

ಈ ದೂರದ ಪರಿಣಾಮ ಶಸ್ತ್ರಚಿಕಿತ್ಸೆಗಿಂತ ಅದರ ನಂತರದ ಆರೈಕೆಯಲ್ಲಿ ಹೆಚ್ಚು ಕಾಣುತ್ತದೆ. ಕೃತಕ ಕೀಲು ಕೂರಿಸಿದ ಮೊದಲ ಆರರಿಂದ ಹನ್ನೆರಡು ವಾರಗಳ ವ್ಯಾಯಾಮವೇ ಮಂಡಿ ಎಷ್ಟು ಮಡಿಸುತ್ತದೆ ಎಂಬುದನ್ನು ಬಹುಮಟ್ಟಿಗೆ ನಿರ್ಧರಿಸುತ್ತದೆ. ಅದಕ್ಕಾಗಿ ಮಣಿಪಾಲಕ್ಕೋ ಹುಬ್ಬಳ್ಳಿಗೋ ಪದೇ ಪದೇ ಹೋಗುವುದು ಅಸಾಧ್ಯ. ಆದುದರಿಂದ ಬಿಡುಗಡೆಯ ಮುನ್ನ ವ್ಯಾಯಾಮಗಳನ್ನು ರೋಗಿಯೊಂದಿಗೆ ಮನೆಯವರೊಬ್ಬರೂ ಕಲಿತುಕೊಳ್ಳುವುದು, ಕಾರವಾರದಲ್ಲಿಯೋ ಅಂಕೋಲೆಯಲ್ಲಿಯೋ ಫಿಸಿಯೋಥೆರಪಿಯ ಏರ್ಪಾಟನ್ನು ಶಸ್ತ್ರಚಿಕಿತ್ಸೆಗೆ ಮೊದಲೇ ಮಾಡಿಕೊಳ್ಳುವುದು ಉಚಿತ. ಗಾಯದಿಂದ ಕೀವು ಅಥವಾ ಜ್ವರ ಕಂಡರೆ ಯಾರಿಗೆ ಕರೆಮಾಡಬೇಕೆಂಬುದನ್ನೂ ಬರೆಸಿಕೊಂಡು ಬರಬೇಕು. ಮಳೆಗಾಲವನ್ನು ತಪ್ಪಿಸಿ ಶಸ್ತ್ರಚಿಕಿತ್ಸೆಯ ದಿನ ಗೊತ್ತುಮಾಡುವುದಕ್ಕೆ ಈ ಭಾಗದಲ್ಲಿ ಸಾಕಷ್ಟು ಕಾರಣಗಳಿವೆ.

ಹೋಲುವ ಇತರ ರೋಗಗಳು

ಎಲ್ಲ ಮಂಡಿನೋವೂ ಅಸ್ಥಿಸಂಧಿವಾತವಲ್ಲ. ಎರಡೂ ಕೈಗಳ ಸಣ್ಣ ಕೀಲುಗಳು ಊದಿ, ಬೆಳಗಿನ ಬಿಗಿತ ಗಂಟೆಗೂ ಮೀರಿ ಉಳಿದರೆ ಅದು ಆಮವಾತವಿರಬಹುದು. ಅದಕ್ಕೆ ಪರಿಣಾಮಕಾರಿ ಔಷಧಿಗಳಿವೆ. 2006ರಲ್ಲಿ ಕರ್ನಾಟಕದಲ್ಲಿ ವ್ಯಾಪಕವಾಗಿ ಹರಡಿದ ಚಿಕೂನ್‌ಗುನ್ಯಾದ ನಂತರ ಅನೇಕರಿಗೆ ಕೀಲುನೋವು ತಿಂಗಳುಗಟ್ಟಲೆ ಉಳಿಯಿತು. ಅವರಲ್ಲಿ ಕೆಲವರ ಹಳೆಯ ಸವೆತವೂ ಆಗಲೇ ಬೆಳಕಿಗೆ ಬಂದಿತು. ಘಟ್ಟದ ಮೇಲೆ, ಶಿವಮೊಗ್ಗ ಜಿಲ್ಲೆಯ ಸಾಗರ ತಾಲೂಕಿನ ಹಂದಿಗೋಡು ಗ್ರಾಮದಲ್ಲಿ 1970ರ ದಶಕದಲ್ಲಿ ಬೆಳಕಿಗೆ ಬಂದ ಹಂದಿಗೋಡು ಕಾಯಿಲೆಯಲ್ಲಿ ಸೊಂಟ ಮತ್ತು ಮೊಣಕಾಲುಗಳು ಚಿಕ್ಕ ವಯಸ್ಸಿನಲ್ಲಿಯೇ ಸವೆದು ನಡಿಗೆ ನಿಲ್ಲುತ್ತದೆ. ಅದು ಕೆಲವು ಕುಟುಂಬಗಳಲ್ಲಿ ವಂಶವಾಹಿಯ ಮೂಲಕ ಬರುವ ಬೇರೆಯೇ ರೋಗ. ನಲವತ್ತಕ್ಕಿಂತ ಕಡಿಮೆ ವಯಸ್ಸಿನಲ್ಲಿ ಎರಡೂ ಮಂಡಿಗಳು ತೀವ್ರವಾಗಿ ಸವೆದಿದ್ದರೆ ಇಂತಹ ಕಾರಣಗಳನ್ನು ಹುಡುಕಬೇಕಾಗುತ್ತದೆ.